ಮಗ್ಗಗಳು ನಿಂತ ಮಧ್ಯಾಹ್ನ

ಮಕ್ಕಳೇ, ಇಂಥ ಸಂಗತಿಯನ್ನು ಬೇರೆ ಯಾರಾದರೂ ನನಗೆ ಹೇಳಿದ್ದರೆ ನಾನು ಖಂಡಿತ ನಂಬುತ್ತಿರಲಿಲ್ಲ. ನಮ್ಮಪ್ಪ ಪರಶುರಾಂಪುರದ ಹತ್ತಿರದ ಹಳ್ಳಿಯಲ್ಲಿ ಕುರಿ ಸಾಕಿ ಬದುಕಿದವರು. ಓಣಿಯ ಹೆಂಗಸರು ಹಳ್ಳದ ದಂಡೆಯಲ್ಲಿ ಏನೋ ಕಂಡೆವು ಎಂದು ಹೆದರಿಕೊಂಡು ಬಂದರೆ ಅಪ್ಪ ನಗುತ್ತಿದ್ದರು. "ಮೂವತ್ತು ವರ್ಷ ಕುರಿ ಜೊತೆ ಬಯಲಾಗೆ ಮಲಗೀನಿ. ತೋಳ ಬಿಟ್ರೆ ನನ್ನ ಮಾತಾಡಿಸಾಕೆ ಇನ್ಯಾರೂ ಬಂದಿಲ್ಲ" ಎನ್ನುತ್ತಿದ್ದರು. ನಾನು ಬೆಳೆದದ್ದು ಆ ಮಾತು ಕೇಳಿಕೊಂಡು. ನಿಮ್ಮ ತಾತನೂ ಅದೇ ಥರದವರು. ಹಾಗಾಗಿ ನಮ್ಮ ಮನೆಯಲ್ಲಿ ದೆವ್ವ, ಗಾಳಿ, ಶಕುನ ಯಾವುದಕ್ಕೂ ಜಾಗ ಇರಲಿಲ್ಲ.

ಹೋದ ಸಲ ಮೊಳಕಾಲ್ಮೂರಿಗೆ ಬಂದಾಗ ನೀವು ಬೀದಿಯ ಕೊನೆಯಲ್ಲಿ ಅರಿಸಿನ ಕುಂಕುಮ ಹಚ್ಚಿದ ದೊಡ್ಡ ಬಂಡೆ ನೋಡಿ, "ಅಜ್ಜಿ, ಊರೊಳಗೆ ಇದು ಹೆಂಗೆ ಬಂತು?" ಎಂದು ಕೇಳಿದಿರಿ. ನಾನು "ಬೆಟ್ಟದಿಂದ ಬಂತು" ಎಂದಷ್ಟೇ ಹೇಳಿದೆ. ಎದುರಿಗೆ ಕೂತು ಹೇಳಲು ನನಗೆ ಬರುವುದಿಲ್ಲ. ನಾಲ್ಕು ಜನ ನನ್ನ ಮುಖ ನೋಡುತ್ತಿದ್ದರೆ ಹೇಳಬೇಕಾದದ್ದು ಮರೆತುಹೋಗುತ್ತದೆ. ಬರೆದರೆ ಆ ತೊಂದರೆ ಇಲ್ಲ. ಊರ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಕಲಿತ ಅಕ್ಷರ ಇನ್ನೂ ಕೈಯಲ್ಲಿ ಇದೆ.

ನಿಮ್ಮ ತಾತ ಚಳ್ಳಕೆರೆಯಲ್ಲಿ ಒಂದು ಶೇಂಗಾ ಎಣ್ಣೆ ಮಿಲ್ಲಿನಲ್ಲಿ ಕೆಲಸ ಮಾಡುತ್ತಿದ್ದರು. ಮದುವೆಯಾಗಿ ಹೋದಾಗಿನಿಂದ ನನಗೆ ಆ ಮಿಲ್ಲಿನ ಸದ್ದು, ಹಿಂಡಿಯ ವಾಸನೆ ಎರಡೂ ಅಭ್ಯಾಸವಾಗಿದ್ದವು. ನಿಮ್ಮ ಅವ್ವ ಹುಟ್ಟಿದ ವರ್ಷ, ಅಂದರೆ ತೊಂಬತ್ತರ ದಶಕದ ನಡುವೆ, ಮಿಲ್ಲು ಮುಚ್ಚಿತು. ತಾತನ ದೊಡ್ಡಪ್ಪನ ಮಗ ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುತ್ತಿದ್ದರು. ಅವರೇ ತಾತನನ್ನು ಕರೆಸಿಕೊಂಡು ಕೆಲವು ತಿಂಗಳು ಕೆಲಸ ಕಲಿಸಿದರು. ಆಮೇಲೆ ಒಬ್ಬ ಸೀರೆ ಯಜಮಾನರು ತಾತನಿಗೆ ಒಂದು ಮಗ್ಗ, ಮಗ್ಗ ಇದ್ದ ಮನೆ, ನೂಲು ಎಲ್ಲಾ ಕೊಟ್ಟು ನೇಯ್ದು ಕೊಡು ಎಂದರು. ನಾವು ಪಾತ್ರೆ ಪಡಗ ಕಟ್ಟಿಕೊಂಡು, ಆರು ವರ್ಷದ ನಿಮ್ಮ ಮಾವ, ಮೂರು ತಿಂಗಳ ನಿಮ್ಮ ಅವ್ವ, ಇಷ್ಟು ಜನ ಒಂದು ಲಾರಿ ಹತ್ತಿದೆವು.

ತಳಕು ದಾಟುವ ತನಕ ಬಯಲೇ ಬಯಲು. ನನಗೆ ಏನೂ ಅನ್ನಿಸಲಿಲ್ಲ. ಮುಂದೆ ಬೆಟ್ಟಗಳು ಹತ್ತಿರವಾದಂತೆ ಎದೆ ಕುಗ್ಗಿತು. ಗಿಡ ಮರ ಕಾಣದ ಬೆಟ್ಟಗಳು. ಬಂಡೆ ಮೇಲೆ ಬಂಡೆ, ಅದರ ಮೇಲೆ ಇನ್ನೊಂದು ಬಂಡೆ, ಯಾರೋ ಅವಸರದಲ್ಲಿ ಪೇರಿಸಿಟ್ಟು ಮರೆತು ಹೋದಂತೆ. ನಮ್ಮ ಮನೆ ಬೀದಿಯ ಕೊನೆಯದು. ಹಿತ್ತಲ ಬಾಗಿಲು ತೆರೆದರೆ ಬೆಟ್ಟ ಮುಖಕ್ಕೆ ಬಡಿದಂತಿತ್ತು. "ಇಲ್ಲಿ ಆಕಾಶ ಎಲ್ಲೈತೆ?" ಎಂದು ನಾನು ಕೇಳಿದ್ದಕ್ಕೆ ತಾತ, "ಕತ್ತು ಮ್ಯಾಲೆತ್ತು, ಸಿಗ್ತೈತೆ" ಎಂದರು.

ಅದಕ್ಕಿಂತ ನನ್ನನ್ನು ಕಂಗೆಡಿಸಿದ್ದು ಮಗ್ಗಗಳ ಸದ್ದು. ಆ ಸಾಲಿನಲ್ಲಿ ಒಂಬತ್ತು ಮನೆ, ಒಂಬತ್ತು ಮಗ್ಗ. ಬೆಳಕು ಹರಿಯುವ ಮೊದಲೇ ಶುರುವಾಗಿ ದೀಪ ಹಚ್ಚುವ ತನಕ ಟಕ್ ಟಕ್ ಎನ್ನುತ್ತಿದ್ದವು. ಮೊದಲ ತಿಂಗಳು ತಲೆನೋವಿನಿಂದ ಅತ್ತಿದ್ದೇನೆ. ಆಮೇಲೆ ಒಂದು ದಿನ ನನಗೇ ಗೊತ್ತಿಲ್ಲದ ಹಾಗೆ ಅವು ಬೇರೆ ಬೇರೆಯಾಗಿ ಕೇಳಿಸತೊಡಗಿದವು. ಯಾರ ಮಗ್ಗ ಓಡುತ್ತಿದೆ, ಯಾರು ನೀರು ಕುಡಿಯಲು ಎದ್ದರು ಎಂದು ಕೂತಲ್ಲಿಂದಲೇ ಹೇಳಬಹುದಿತ್ತು. ನಮ್ಮ ಮಗ್ಗವನ್ನಂತೂ ಯಾರು ಬೇಕಾದರೂ ಗುರುತಿಸುತ್ತಿದ್ದರು. ತಾತ ಹೊಸಬರು, ಅವರ ಕೈ ಕಾಲು ಇನ್ನೂ ಒಂದು ಲಯಕ್ಕೆ ಬಂದಿರಲಿಲ್ಲ. ಪಕ್ಕದ ಮನೆಯ ತಿಪ್ಪೇಸ್ವಾಮಣ್ಣ ಗೋಡೆಯ ಆಚೆಯಿಂದ ಕೂಗುತ್ತಿದ್ದರು.

"ಏನಪ್ಪಾ ಚಳ್ಳಕೆರೆ! ನಿನ್ನ ಮಗ್ಗ ಎರಡು ಹೆಜ್ಜೆ ನಡೀತೈತೆ, ಮೂರನೇದಕ್ಕೆ ಕುಂಟ್ತೈತಲ್ಲೋ!"

"ನಿಮ್ಮದು ಓಡೋದು ಕೇಳಿ ಕೇಳಿ ನಂದಕ್ಕೆ ಕಾಲು ನೋವು ಬಂದೈತಣ್ಣ" ಎಂದು ತಾತ ಈಚೆಯಿಂದ ಕೂಗುತ್ತಿದ್ದರು.

ತಿಪ್ಪೇಸ್ವಾಮಣ್ಣನ ಹೆಂಡತಿ ನರಸಕ್ಕ. ಗಡಿಯ ಆಚೆ ಹುಟ್ಟಿದವಳು, ಸಿಟ್ಟು ಅಳು ಬಂದರೆ ತೆಲುಗು. ಗಂಡನ ಮಗ್ಗದ ಪಕ್ಕದಲ್ಲಿ ಕೂತು ಸಣ್ಣ ಕೊಳವೆಗೆ ನೂಲು ಸುತ್ತಿ ಕಂಡಿಕೆ ಮಾಡುತ್ತಿದ್ದಳು. ಅವಳಿಗೆ ಮಕ್ಕಳಿರಲಿಲ್ಲ. ನಿಮ್ಮ ಅವ್ವ ಎಂದರೆ ಪ್ರಾಣ. ದಿನಕ್ಕೆ ಹತ್ತು ಸಲ ಬಂದು ಜೋಲಿಯಲ್ಲಿ ಇಣುಕಿ ಹೋಗುತ್ತಿದ್ದಳು.

ಆ ಬೀದಿಗೆ ಒಂದು ನಡವಳಿಕೆ ಇತ್ತು. ನಾವು ಬಂದ ಮೇಲೆ ಅಲ್ಲಿ ಯಾರೂ ತೀರಿಕೊಂಡಿರಲಿಲ್ಲವಾದ್ದರಿಂದ ನಮಗೆ ಅದು ತಿಳಿದಿರಲಿಲ್ಲ. ಒಂದು ಮನೆಯಲ್ಲಿ ಸಾವಾದರೆ ಆ ಮನೆಯ ಮಗ್ಗ ನಡುವೆಯೇ ನಿಲ್ಲುತ್ತದೆ. ಅದು ನಿಂತದ್ದು ಕೇಳಿ ಪಕ್ಕದವರು ನಿಲ್ಲಿಸುತ್ತಾರೆ, ಅವರದು ಕೇಳಿ ಆಚೆಯವರು. ಯಾರೂ ಬಾಗಿಲು ಬಡಿದು ಸುದ್ದಿ ಹೇಳುವುದಿಲ್ಲ. ಬೀದಿ ಪೂರಾ ಸದ್ದಡಗಿತೆಂದರೆ ಕಾಲು ಇಳಿಬಿಟ್ಟು ನೇಯುವ ಮಗ್ಗದ ಗುಂಡಿಯಿಂದ ಎದ್ದು ಎಲ್ಲರೂ ಹೊರಗೆ ಬರಬೇಕು. ನೀರು ಕುಡಿಯಲು ಎದ್ದವರ ಮಗ್ಗ ಕೊನೆಯ ಎಳೆ ಬಡಿದು ನಿಲ್ಲುತ್ತದಂತೆ, ಸಾವಿಗೆ ನಿಂತದ್ದು ಎಳೆ ಬಡಿಯದೆ ನಿಲ್ಲುತ್ತದಂತೆ. ಆ ವ್ಯತ್ಯಾಸ ಅವರ ಕಿವಿಗೆ ಗೊತ್ತು.

ಆ ವರ್ಷ ದಸರಾ ಆದ ಮೇಲೆ ಎಂದೂ ಇಲ್ಲದ ಮಳೆ. ಮೂರು ದಿನ ಹಗಲೂ ರಾತ್ರಿ ಹಿಡಿದುಕೊಂಡು ನಾಲ್ಕನೆಯ ದಿನ ಬಿಸಿಲು ಬಂತು. ಆ ಮೂರು ದಿನವೂ ನಿಮ್ಮ ಅವ್ವನಿಗೆ ಮೈ ಕೆಂಡದಂಥ ಜ್ವರ. ಬೀದಿಯವರೆಲ್ಲ ಬಂದು ನೋಡಿಕೊಂಡು ಹೋಗಿದ್ದರು. ಹೋಗುವಾಗ ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡದ್ದು ನನ್ನ ಕಣ್ಣಿಗೆ ಬಿದ್ದಿತ್ತು. ನಾಲ್ಕನೆಯ ದಿನ ಬೆಳಿಗ್ಗೆ ಜ್ವರ ಇಳಿಯಿತು. ನಿಮ್ಮ ಮಾವ ಶಾಲೆಗೆ ಹೋಗಿದ್ದ. ಮಧ್ಯಾಹ್ನ ಹಾಲು ಕುಡಿದು ಮಗು ಮಲಗಿತು. ಮಗ್ಗದ ಪಕ್ಕದಲ್ಲೇ ತೊಲೆಗೆ ಕಟ್ಟಿದ ಜೋಲಿಯಲ್ಲಿ ಹಾಕಿ ನಾನು ಕೆಲಸಕ್ಕೆ ಕೂತೆ.

ತಾತ ಆಗ ನೇಯುತ್ತಿದ್ದದ್ದು ದೊಡ್ಡ ಅಂಚಿನ ಮದುವೆ ಸೀರೆ. ಒಡಲಿಗೆ ಒಂದು, ಎರಡು ಅಂಚಿಗೆ ಎರಡು, ಅಡ್ಡ ನೂಲು ಒಯ್ಯುವ ಲಾಳಿ ಒಟ್ಟು ಮೂರು ಓಡಿಸಬೇಕು. ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಎಡ ಅಂಚಿನ ಲಾಳಿ ತೂರುವುದು ನನ್ನ ಪಾಲು. ಸೋಮವಾರ ಸೀರೆ ಕೊಡಲೇಬೇಕೆಂದು ಯಜಮಾನರು ಹೇಳಿದ್ದರು. ಇದು ಸರಿಬಂದರೆ ಮಗ್ಗ ನಮಗೆ ಉಳಿಯುತ್ತಿತ್ತು. ಮಗುವಿನ ಜ್ವರದಲ್ಲಿ ಮೂರು ದಿನ ಹೋಗಿದ್ದರಿಂದ ತಾತ ಊಟಕ್ಕೂ ಸರಿಯಾಗಿ ಎದ್ದಿರಲಿಲ್ಲ. ತಲೆ ಎತ್ತದೆ ನೇಯುತ್ತಿದ್ದರು.

ಇದ್ದಕ್ಕಿದ್ದ ಹಾಗೆ ನನ್ನ ಕಿವಿ ಖಾಲಿಯಾದಂತಾಯಿತು. ಚಳ್ಳಕೆರೆಯ ಅಭ್ಯಾಸ ನೋಡಿ, ನನಗೆ ಮೊದಲು ಹೊಳೆದದ್ದು ಕರೆಂಟು ಹೋಯಿತು ಎಂದು. ಕರೆಂಟು ಹೋದರೆ ತಾನೇ ಮಿಲ್ಲಿನ ಸದ್ದು ನಿಲ್ಲುತ್ತಿದ್ದದ್ದು! ತಲೆ ಎತ್ತಿ ಮಗ್ಗದ ಮೇಲಿನ ಬಲ್ಬು ನೋಡಿದೆ. ಉರಿಯುತ್ತಿತ್ತು. ಕೈಮಗ್ಗಕ್ಕೆ ಕರೆಂಟು ಎಲ್ಲಿಯದು ಎಂದು ನನಗೆ ನಾನೇ ನಕ್ಕುಕೊಂಡೆ. ನಗುತ್ತಿರುವಾಗಲೇ ನರಸಕ್ಕ ಒಳಗೆ ನುಗ್ಗಿದಳು. ಕೂದಲು ಬಿಚ್ಚಿ ಹೋಗಿತ್ತು, ಕೈಯಲ್ಲಿ ಅರ್ಧ ಸುತ್ತಿದ ಕಂಡಿಕೆ ಹಾಗೇ ಇತ್ತು. ನನ್ನನ್ನು ನೋಡಲಿಲ್ಲ, ತಾತನನ್ನು ನೋಡಲಿಲ್ಲ. ನೇರವಾಗಿ ಜೋಲಿಗೆ ಹೋಗಿ, "ಅಯ್ಯೋ ಬಿಡ್ಡಾ! ಅಯ್ಯೋ ನಾ ಬಿಡ್ಡಾ!" ಅಯ್ಯೋ ನನ್ನ ಕೂಸೇ ಎಂದು ತೆಲುಗಿನಲ್ಲಿ ಅಳುತ್ತಾ ಮಗುವನ್ನು ಎದೆಗೆ ಅವುಚಿಕೊಂಡು ಹೊರಗೆ ಓಡಿದಳು.

ನಾನು ಲಾಳಿ ಬಿಟ್ಟು ಹಿಂದೆ ಓಡಿದೆ. ತಾತ ಗುಂಡಿಯಿಂದ ಹತ್ತಿ ಬರುತ್ತಾ, "ಏ ಅಕ್ಕಾ! ಕೂಸಿನ್ನ ಎಲ್ಲಿಗೆ ಒಯ್ತೀಯ? ಈಗಿನ್ನೂ ಕಣ್ಣು ಹತ್ತೈತೆ ಅದಕ್ಕೆ!" ಎಂದು ಬೈದರು.

ಹೊರಗೆ ಬಂದು ನೋಡಿದರೆ ಬೀದಿಗೆ ಬೀದಿಯೇ ನಮ್ಮ ಬಾಗಿಲ ಮುಂದೆ ನಿಂತಿದೆ. ಗಂಡಸರ ಹೆಗಲ ಮೇಲೆ ಟವೆಲು, ಹೆಂಗಸರ ಬಾಯಿಗೆ ಸೆರಗು. ಇಬ್ಬರು ಮುದುಕಿಯರು ಆಗಲೇ ಅಳಲು ಶುರು ಮಾಡಿದ್ದರು. ಎಲ್ಲರಿಗಿಂತ ಹಿರಿಯರಾದ ರುದ್ರಪ್ಪಜ್ಜ ಕೋಲೂರಿಕೊಂಡು, "ಯಾರಾದ್ರೂ ಚಳ್ಳಕೆರೆಗೆ ಸುದ್ದಿ ಮುಟ್ಟಿಸ್ರೋ, ಪಾಪ ದೊಡ್ಡಪ್ಪನ ಮಗ ಒಬ್ಬನ್ನ ಬಿಟ್ರೆ ಇಲ್ಲಿ ಅವರಿಗ್ಯಾರೂ ಇಲ್ಲ" ಎನ್ನುತ್ತಿದ್ದರು. ಅಷ್ಟರಲ್ಲಿ ನರಸಕ್ಕನ ಎದೆಯಲ್ಲಿ ನಿಮ್ಮ ಅವ್ವ ಎಚ್ಚರಾಗಿ, ನಿದ್ದೆ ಕೆಡಿಸಿದ ಸಿಟ್ಟಿಗೆ ಬೀದಿ ಹಾರಿಹೋಗುವಂತೆ ಕಿರುಚಿದಳು.

ಎಲ್ಲರ ಕಣ್ಣೂ ಮಗುವಿನ ಕಡೆ ತಿರುಗಿತು. ಆಮೇಲೆ ರುದ್ರಪ್ಪಜ್ಜ, "ಸತ್ತ ಕೂಸಿಗೆ ಗಂಟಲು ಜೋರೈತೆ ಬಿಡ್ರಪ್ಪ" ಎಂದರು. ಜನ ಗೊಳ್ಳೆಂದು ನಕ್ಕರು. ಅಳುತ್ತಿದ್ದ ಮುದುಕಿಯರೂ ಸೆರಗಲ್ಲಿ ಮೂಗೊರೆಸಿಕೊಂಡು ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ನನ್ನ ಮಗು ಸತ್ತಿತೆಂದು ಇಷ್ಟು ಜನ ಹೇಗೆ ತಿಳಿದುಕೊಂಡರು?

"ಮತ್ತೆ ಮಗ್ಗ ಯಾಕೆ ನಿಲ್ಸಿದ್ಯೋ?" ಎಂದು ತಿಪ್ಪೇಸ್ವಾಮಣ್ಣ ತಾತನಿಗೆ ಕೇಳಿದರು. ಆಗಲೇ ನಮಗೆ ಆ ನಡವಳಿಕೆ ಗೊತ್ತಾದದ್ದು.

"ನಾನೆಲ್ಲಿ ನಿಲ್ಸಿದೆ? ನಿಮ್ಮಾಕಿ ಬಂದು ಕೂಸು ಎತ್ಕೊಂಡು ಓಡೋ ತನಕ ನೇಯ್ತಾನೇ ಇದ್ದೆ."

"ಸುಳ್ಳಾಡಬ್ಯಾಡ. ನಡುವೆ ಕಡಿದ್ಹಂಗೆ ನಿಂತಿತು. ನಾನೂ ಕೇಳಿದೆ, ಇವಳೂ ಕೇಳಿದ್ಳು. ನಿನ್ನ ಕುಂಟ ಮಗ್ಗ ನಮಗೆ ಗೊತ್ತಾಗಲ್ವಾ?"

ತಾತನಿಗೆ ರೇಗಿತು. "ನಿಮ್ಮ ಕಿವಿಗೆ ಎಣ್ಣೆ ಬಿಟ್ಕೊಳ್ರಿ. ನನಗೆ ಸೋಮವಾರಕ್ಕೆ ಸೀರೆ ಕೊಡೋದೈತೆ" ಎಂದು ತಿರುಗಿ, ನನಗೆ "ಬಾರೇ, ಲಾಳಿ ಹಿಡಿ" ಎಂದರು. ನಾನು ಮಗುವಿಗೆ ಕೈ ಚಾಚಿದೆ. ನರಸಕ್ಕ ಕೊಡಲಿಲ್ಲ. "ಸತ್ತೈತೆ ಅಂತ ಇಷ್ಟು ಬಾಯಿ ಅಂದ ಮ್ಯಾಲೆ ದೃಷ್ಟಿ ತೆಗೀದೆ ಒಳಗೆ ಬಿಡಾಕಿಲ್ಲ ನಾನು. ಇಲ್ಲೇ ನಿಂತಿರು" ಎಂದು ಯಾರಿಗೋ ಉಪ್ಪು ಮೆಣಸಿನಕಾಯಿ ತರಲು ಹೇಳಿದಳು. ತಾತ ಹೊಸ್ತಿಲ ಮೇಲೆ ನಿಂತು ಗೊಣಗುತ್ತಾ ಕಾದರು. ದೊಡ್ಡ ಅಂಚಿಲ್ಲದ, ಒಂದೇ ಲಾಳಿಯ ಸೀರೆಯಾಗಿದ್ದರೆ ನನಗಾಗಿ ಕಾಯುತ್ತಿರಲಿಲ್ಲ, ಹೋಗಿ ಗುಂಡಿಗೆ ಇಳಿದುಬಿಡುತ್ತಿದ್ದರು.

ಮೆಣಸಿನಕಾಯಿ ಬರುವ ಮೊದಲೇ ಅದು ಬಂತು. ಮೊದಲು ಸದ್ದಲ್ಲ, ಅಂಗಾಲಿನಲ್ಲಿ ಒಂದು ನಡುಕ. ಬೆಟ್ಟದ ಕಡೆಯಿಂದ ಯಾರೋ ದೊಡ್ಡದಾಗಿ ಉಸಿರು ಬಿಟ್ಟಂತೆ ಗಾಳಿ. ತಿಪ್ಪೇಸ್ವಾಮಣ್ಣ ಹಾರಿ ತಾತನ ರಟ್ಟೆ ಹಿಡಿದೆಳೆದರು. ಇಬ್ಬರೂ ಬೀದಿಯ ಕೆಸರಿನಲ್ಲಿ ಬಿದ್ದರು. ನಮ್ಮ ಮನೆಯ ಮೇಲ್ಛಾವಣಿ ನಮ್ಮ ಕಣ್ಣೆದುರಿಗೇ ಒಳಗೆ ಮಡಚಿಕೊಂಡು ಹೋಯಿತು. ಆಮೇಲೆ ಬರೀ ದೂಳು. ಮೂರು ದಿನ ಮಳೆ ಬಂದ ನೆಲದಲ್ಲಿ ಅಷ್ಟು ದೂಳು ಎಲ್ಲಿತ್ತೋ.

ದೂಳು ಅಡಗಿದ ಮೇಲೆ ಕಂಡದ್ದನ್ನು ನೀವೂ ನೋಡಿದ್ದೀರಿ. ಎರಡು ಎತ್ತಿನ ಗಾಡಿಯಷ್ಟು ದೊಡ್ಡ ಬಂಡೆ. ಹಿತ್ತಲ ಗೋಡೆ ಒಡೆದು ಬಂದು, ಜೋಲಿ ಕಟ್ಟಿದ್ದ ತೊಲೆಯನ್ನು ಪುಡಿಮಾಡಿ, ತಾತ ಕಾಲು ಇಳಿಬಿಟ್ಟು ಕೂರುತ್ತಿದ್ದ ಮಗ್ಗದ ಗುಂಡಿಯಲ್ಲಿ ಕೂತುಬಿಟ್ಟಿತ್ತು. ಆ ಗುಂಡಿ ಹಿಡಿದುಕೊಳ್ಳದಿದ್ದರೆ ಅದು ಮುಂದಿನ ಗೋಡೆಯನ್ನೂ ದಾಟಿ ಬೀದಿಯಲ್ಲಿ ನಿಂತಿದ್ದ ನಮ್ಮೆಲ್ಲರ ಮೇಲೆ ಬರುತ್ತಿತ್ತು. ಪಕ್ಕದಲ್ಲಿ ನರಸಕ್ಕ ಕೂತು ಕಂಡಿಕೆ ಸುತ್ತುತ್ತಿದ್ದ ಮೂಲೆಯ ಗೋಡೆಯೂ ಉರುಳಿತ್ತು. ಒಬ್ಬರಿಗೂ ಒಂದು ಗೀರು ಬಿದ್ದಿರಲಿಲ್ಲ.

ಯಾರೂ ಕೂಗಲಿಲ್ಲ, ಓಡಲಿಲ್ಲ. ಅಷ್ಟು ಜನ ಬಂಡೆಯನ್ನೇ ನೋಡುತ್ತಾ ನಿಂತರು. ರುದ್ರಪ್ಪಜ್ಜ ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡರು. ನಿಮ್ಮ ಅವ್ವ ಕೂಡ ಅಳು ನಿಲ್ಲಿಸಿದ್ದಳು. ಅಂಥ ಮೌನವನ್ನು ನಾನು ಮತ್ತೆ ಕೇಳಿಲ್ಲ. ನನ್ನ ಮನೆ ಹೋಯಿತೆಂಬ ದುಃಖ ಬಂದದ್ದು ಎಷ್ಟೋ ಹೊತ್ತಿನ ಮೇಲೆ. ಆ ಕ್ಷಣದಲ್ಲಿ ನನ್ನೊಳಗೆ ಇದ್ದದ್ದನ್ನು ಭಯ ಎನ್ನಲಾರೆ. ತುಂಬ ದೊಡ್ಡವರು ಯಾರೋ ನಮ್ಮ ಮಧ್ಯೆ ಬಂದು ಹೋದರು, ನಾವು ಎದ್ದು ನಿಂತಿದ್ದೇವೆ, ಅಷ್ಟೇ ಅನ್ನಿಸಿತು.

ಆ ಸಂಜೆ ಯಜಮಾನರ ಮನೆಯ ಪಡಸಾಲೆಯಲ್ಲಿ ಎಲ್ಲರೂ ಸೇರಿದರು. ಮೊದಲು ನಿಲ್ಲಿಸಿದವರು ಯಾರು ಎಂದು ಯಜಮಾನರು ಒಬ್ಬೊಬ್ಬರನ್ನೇ ಕೇಳಿದರು. ಆಚೆ ಕೊನೆಯ ಮನೆಯವರು ಪಕ್ಕದವರದು ನಿಂತದ್ದು ಕೇಳಿ ನಿಲ್ಲಿಸಿದೆವು ಎಂದರು. ಆ ಪಕ್ಕದವರು ತಮ್ಮ ಪಕ್ಕದವರನ್ನು ತೋರಿಸಿದರು. ಹಾಗೇ ಏಳು ಮನೆ ದಾಟಿ ಬಂದು ಮಾತು ತಿಪ್ಪೇಸ್ವಾಮಣ್ಣನ ಹತ್ತಿರ ನಿಂತಿತು. ಅವರು ನಮ್ಮನ್ನು ತೋರಿಸಿದರು. ನರಸಕ್ಕ ಇನ್ನೊಂದು ಮಾತು ಸೇರಿಸಿದಳು. ಓಡಿ ಬಂದಾಗ ಮಗ್ಗ ಸದ್ದಿಲ್ಲದೆ ಇತ್ತಂತೆ. ತಾತ ತಲೆ ಬಗ್ಗಿಸಿ, ಏನನ್ನೋ ಕೇಳಿಸಿಕೊಳ್ಳುವವರ ಹಾಗೆ ಕೂತಿದ್ದರಂತೆ.

"ನನ್ನ ಕೂಸಿನ ಆಣೆಗೂ ನಾನು ಕೈ ನಿಲ್ಸಿಲ್ಲ" ಎಂದರು ತಾತ. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ತಲೆ ತಗ್ಗಿಸಿಕೊಂಡು, "ನಿಲ್ಸಿಲ್ಲ. ಲಾಳಿ ನನ್ನ ಕೈಯಾಗಿತ್ತು" ಎಂದೆ. ಅಷ್ಟು ಜನರ ಮುಂದೆ ನಾನು ಆಡಿದ ಮೊದಲ ಮಾತು ಅದು.

ಊರಿನ ಶಾಲೆಯ ಮೇಷ್ಟರು ಆಮೇಲೆ ಒಂದು ವಿವರಣೆ ಕೊಟ್ಟರು. ಬಂಡೆ ಜಾರುವ ಮೊದಲು ನೆಲ ಸಣ್ಣಗೆ ಅದುರಿರಬೇಕು, ಕಿವಿಗೆ ಕೇಳದಿದ್ದರೂ ಮೈಗೆ ತಿಳಿದು ಕೈ ನಿಂತಿರಬೇಕು ಎಂದರು. ಒಳ್ಳೆಯ ಮಾತೇ. ಆದರೆ ನಡುಕ ತಿಳಿದವರು ತಮ್ಮ ಮಗ್ಗ ಬಿಟ್ಟು ನಮ್ಮ ಮಗ್ಗ ನಿಂತಿತೆಂದು ಯಾಕೆ ಹೇಳಬೇಕು? ನಾನು ಹೀಗೆ ಕೇಳಿದ್ದಕ್ಕೆ ಮೇಷ್ಟರು, "ಅದು ನನಗೂ ಗೊತ್ತಾಗ್ತಿಲ್ಲಮ್ಮ" ಎಂದರು. ಅವರು ಪ್ರಾಮಾಣಿಕರು.

ಯಜಮಾನರು ನಮ್ಮನ್ನು ಕೈಬಿಡಲಿಲ್ಲ. ಬೇರೆ ಬೀದಿಯಲ್ಲಿ ಬೇರೆ ಮಗ್ಗ ಕೊಟ್ಟರು. ಅಲ್ಲೇ ನಿಮ್ಮ ಅವ್ವ, ಮಾವ ದೊಡ್ಡವರಾದರು. ವಾರದ ಮೇಲೆ ಗಂಡಸರು ಬಂಡೆಯ ಅಂಚಿನ ಮಣ್ಣು ಬಗೆದಾಗ ಆ ಸೀರೆಯ ಒಂದು ತುಂಡು ಸಿಕ್ಕಿತು. ಹೆಚ್ಚೆಂದರೆ ಒಂದು ಮೊಳ, ಆದರೆ ಕೊನೆಯ ಎಳೆಯವರೆಗೂ ಇತ್ತು. ಅದನ್ನು ತೊಳೆದು ಒಣಗಿಸಿದೆ.

ನೇಯ್ಗೆಯವರಿಗೆ ಒಂದು ವಿಷಯ ಗೊತ್ತು. ನಡುವೆ ಮಗ್ಗ ನಿಲ್ಲಿಸಿ ಮತ್ತೆ ಶುರು ಮಾಡಿದರೆ, ಬಟ್ಟೆಯಲ್ಲಿ ಆ ಜಾಗಕ್ಕೆ ಕೂದಲಿನಷ್ಟು ಸಣ್ಣ ಗೆರೆ ಬೀಳುತ್ತದೆ. ನರಸಕ್ಕ ತನ್ನ ಮನೆಯಿಂದ ನಮ್ಮ ಜೋಲಿಗೆ ಓಡಿ ಬರುವಷ್ಟರಲ್ಲಿ ತಾತ ನೇಯಬಹುದಾಗಿದ್ದದ್ದು ಒಂದು ಉಗುರಿನ ಅಗಲ. ತಾತನಿಗೇ ಗೊತ್ತಿಲ್ಲದ ಹಾಗೆ ಮಗ್ಗ ಒಂದು ಕ್ಷಣ ನಿಂತು ಮತ್ತೆ ಓಡಿದ್ದರೆ ಕೊನೆಯ ಎಳೆಯಿಂದ ಒಂದು ಉಗುರು ಕೆಳಗೆ ಆ ಗೆರೆ ಇರಬೇಕು. ತಾತ ಬಿಸಿಲಿಗೆ ಹಿಡಿದು ನೋಡಿ, "ನುಣ್ಣಗೈತೆ. ಏನೂ ಇಲ್ಲ" ಎಂದರು. ನರಸಕ್ಕ ಅದೇ ಬಿಸಿಲಿಗೆ ಹಿಡಿದು, "ಇದೇನು ಮತ್ತೆ? ಕಣ್ಣೈತೋ ಇಲ್ಲೋ ನಿನಗೆ?" ಎಂದಳು. ಇಬ್ಬರೂ ಅದನ್ನು ಯಜಮಾನರ ಹತ್ತಿರ ಒಯ್ದರು. ಅವರು ನೂಲು ಪರೀಕ್ಷೆ ಮಾಡುವ ಭೂತಗನ್ನಡಿ ಇಟ್ಟು ಬಹಳ ಹೊತ್ತು ನೋಡಿದರು. ಕೊನೆಗೆ ಬಟ್ಟೆಯನ್ನು ಮಡಚಿ ತಾತನ ಕೈಗೆ ಕೊಟ್ಟು, "ನಲವತ್ತು ವರ್ಷ ಬಟ್ಟೆ ನೋಡೀನಿ. ಇದನ್ನ ಮಾತ್ರ ಕೇಳಬ್ಯಾಡ್ರಿ ನನ್ನ" ಎಂದರು.

ತಾತ ಈಗಿಲ್ಲ. ಕೊನೆಯವರೆಗೂ ಅವರದು ಅದೇ ಮಾತು, ನಿಲ್ಲಿಸಿಲ್ಲ ಎಂದು. ನರಸಕ್ಕ ಇದ್ದಾಳೆ, ಮಗ್ಗ ನಿಂತಿತ್ತು ಎಂಬ ಅವಳ ಮಾತೂ ಬದಲಾಗಿಲ್ಲ. ಇಬ್ಬರೂ ಸುಳ್ಳು ಹೇಳುವವರಲ್ಲ. ಅವತ್ತು ಪಡಸಾಲೆಯಲ್ಲಿ ಹೇಳದ ಒಂದು ಸಂಗತಿ ನನ್ನಲ್ಲಿ ಉಳಿದಿದೆ, ಅದನ್ನೂ ಬರೆದುಬಿಡುತ್ತೇನೆ. ಕಿವಿ ಖಾಲಿಯಾದಂತಾಗಿ ನಾನು ತಲೆ ಎತ್ತಿ ಬಲ್ಬು ನೋಡಿದೆನಲ್ಲ, ಆಗ ನನ್ನ ಕಣ್ಣು ತಾತನ ಕೈ ಮೇಲೆ ಇರಲಿಲ್ಲ. ಬೀದಿಯ ಎಂಟು ಮಗ್ಗ ನಿಂತರೂ ನಮ್ಮದೊಂದು ಓಡುತ್ತಿದ್ದರೆ ನನಗೆ ಅದಾದರೂ ಕೇಳಬೇಕಿತ್ತು. ಕೇಳಿತೇ? ನೆನಪು ಮಾಡಿಕೊಂಡಾಗಲೆಲ್ಲ ಉರಿಯುವ ಬಲ್ಬು ಕಾಣುತ್ತದೆ. ಸದ್ದು ಮಾತ್ರ ನೆನಪಿಗೆ ಬರುವುದಿಲ್ಲ.

ಆ ತುಂಡು ಬಟ್ಟೆ ನನ್ನ ಪೆಟ್ಟಿಗೆಯಲ್ಲಿದೆ. ಈಗ ಕಣ್ಣು ಮಂಜು, ನೋಡಿದರೆ ಏನೂ ಕಾಣುವುದಿಲ್ಲ. ಮೊನ್ನೆ ಕಣ್ಣು ಮುಚ್ಚಿಕೊಂಡು ಕೊನೆಯ ಎಳೆಯ ಕೆಳಗೆ ಬೆರಳಾಡಿಸಿದೆ. ಒಂದು ಕಡೆ ಏನೋ ತಡೆಯಿತು. ಮತ್ತೆ ಆಡಿಸಿದೆ, ನುಣ್ಣಗಿತ್ತು. ಮುಂದಿನ ಸಲ ಬಂದಾಗ ನಿಮ್ಮ ಎಳೆಯ ಬೆರಳಿನಿಂದ ಮುಟ್ಟಿ ನೋಡಿ. ಏನು ಸಿಕ್ಕಿತೆಂದು ನನಗೆ ಹೇಳಬೇಡಿ.